ಗಾಳಿಯ ಪುಣ್ಯ ಯಾರದು?

‘ಗಾಳಿ ಬಂದಾಗ ತೂರಿಕೊಳ್ಳಬೇಕು’ ಎಂಬ ಗಾದೆಯನ್ನು ಪೇಟೆಯ ಜನರಾದ ನಾವು ಬಳಸುವುದು ಹೆಚ್ಚಾಗಿ ಸಮಯಸಾಧಕರ ವಿಷಯದಲ್ಲಿ. ಹೊತ್ತು ನೋಡಿ ತನ್ನ ಕೆಲಸ ಮಾಡಿಕೊಂಡವನನ್ನು ಕಂಡಾಗ ಅರ್ಧ ಮೆಚ್ಚುಗೆಯಿಂದಲೂ ಅರ್ಧ ಅಸೂಯೆಯಿಂದಲೂ ಈ ಮಾತು ನಮ್ಮ ಬಾಯಿಗೆ ಬರುತ್ತದೆ. ಆದರೆ ಗಾದೆ ಹುಟ್ಟಿದ್ದು ರೈತನ ಕಣದಲ್ಲಿ. ಜೋಳದ ತೆನೆಯನ್ನು ತುಳಿಸಿ, ಕಾಳೂ ಹೊಟ್ಟೂ ಬೆರೆತ ರಾಶಿಯ ಮುಂದೆ ಆತ ಗಾಳಿಗಾಗಿ ಕಾದು ಕುಳಿತಿರಬೇಕಾಗಿತ್ತು. ಗಾಳಿ ನಡುರಾತ್ರಿಯಲ್ಲಿ ಎದ್ದರೆ ಆತನೂ ನಡುರಾತ್ರಿಯಲ್ಲಿಯೇ ಎದ್ದು ತೂರಬೇಕು; ಏಳದಿದ್ದರೆ ದಿನಗಟ್ಟಲೆ ರಾಶಿಗೆ ಕಾವಲಿರಬೇಕು. ಕಣದಲ್ಲಿ ಈ ಗಾದೆಗೆ ತಾಳ್ಮೆ, ಎಚ್ಚರ ಎಂಬ ಅರ್ಥವಿತ್ತು. ಇನ್ನೊಂದು ಸಂಗತಿಯನ್ನು ಗಾದೆ ಹೇಳದಿದ್ದರೂ ಕಣ ಬಲ್ಲದು: ತೂರಿದ ಕಾಳು ಮನೆಯ ಹಗೇವು ಸೇರುವುದಕ್ಕೆ ಮೊದಲು ಅದರಲ್ಲಿ ಹಲವರ ಪಾಲನ್ನು ಅಲ್ಲಿಯೇ ಅಳೆದು ಕೊಡುತ್ತಿದ್ದರು.

ಈಗ ವಿಜಯಪುರ ಜಿಲ್ಲೆಯಲ್ಲಿ ಗಾಳಿಗೆ ಹೊಸದೊಂದು ಕೆಲಸ ಬಂದಿದೆ. ನಗರದಿಂದ ಅಥಣಿಯ ದಾರಿ ಹಿಡಿದು ತಿಕೋಟಾದ ಕಡೆಗೆ ಹೋದರೂ, ಜಮಖಂಡಿಯ ದಾರಿ ಹಿಡಿದು ಬಬಲೇಶ್ವರದ ಕಡೆಗೆ ಹೋದರೂ ಎರೆ ಭೂಮಿಯ ಮೇಲೆ, ಮಡ್ಡಿಯ ಮೇಲೆ ಬಿಳಿಯ ಕಂಬಗಳು ಮೂರು ಮೂರು ರೆಕ್ಕೆಗಳನ್ನು ಹೊತ್ತು ನಿಂತಿರುವುದು ಕಾಣುತ್ತದೆ. ಹಳ್ಳಿಯವರು ಅವನ್ನು ‘ಫ್ಯಾನು’ ಎನ್ನುತ್ತಾರೆ. ಫ್ಯಾನು ವಿದ್ಯುತ್ತಿನಿಂದ ಗಾಳಿ ಮಾಡುತ್ತದೆ. ಇವು ಗಾಳಿಯಿಂದ ವಿದ್ಯುತ್ತು ಮಾಡುತ್ತವೆ. ಹೆಸರು ತಲೆಕೆಳಗಾಗಿದ್ದರೂ ರೂಢಿಗೆ ಬಂದುಬಿಟ್ಟಿದೆ. ಇವುಗಳಲ್ಲಿ ಹಲವು ನಮ್ಮ ಗೋಳಗುಮ್ಮಟವನ್ನು ಎತ್ತರದಲ್ಲಿ ಮೀರಿಸಿದವು. ಗುಮ್ಮಟದ ಅಡ್ಡಳತೆ ಸುಮಾರು 44 ಮೀಟರು. ಈ ರೆಕ್ಕೆಗಳು ತಿರುಗುವಾಗ ಬರೆಯುವ ವೃತ್ತದ ಅಡ್ಡಳತೆ ನೂರು ಮೀಟರನ್ನೂ ದಾಟುವುದುಂಟು.

ಇವು ಭೂಮಿಯ ತಾಪವನ್ನು ತಡೆಯುವ ಯಂತ್ರಗಳು, ಲೋಕಕ್ಕೆ ಉಪಕಾರ ಮಾಡುವಂಥವು ಎಂದು ಎಲ್ಲೆಡೆಯೂ ಕೇಳುತ್ತೇವೆ. ಈ ಮಾತು ನಿಜ. ಆದರೆ ಉಪಕಾರವೆಂದ ಮೇಲೆ ಅದರ ಪುಣ್ಯವೊಂದು ಇರಬೇಕಷ್ಟೆ. ಆ ಪುಣ್ಯ ಯಾರ ಖಾತೆಗೆ ಜಮೆಯಾಗುತ್ತದೆ? ಬಂಡವಾಳ ಹಾಕಿದ ಕಂಪನಿಗೋ, ಹೊಲ ಕೊಟ್ಟ ರೈತನಿಗೋ, ‘ಹಸಿರು ವಿದ್ಯುತ್ತು’ ಎಂದು ಹಣ ತೆತ್ತು ಕೊಂಡ ದೂರದ ಕಾರ್ಖಾನೆಗೋ, ಮನೆಯಲ್ಲಿ ಗುಂಡಿ ಒತ್ತಿ ದೀಪ ಹಚ್ಚಿಕೊಳ್ಳುವ ನಮಗೋ? ಪ್ರಶ್ನೆ ಮೇಲುನೋಟಕ್ಕೆ ವಿನೋದದಂತೆ ಕಂಡರೂ ಅದರ ಉತ್ತರದ ಮೇಲೆ ಬಹಳಷ್ಟು ನಿಂತಿದೆ.

ಮೊದಲು ಗಾಳಿಯನ್ನೇ ನೋಡೋಣ. ವಿಜಯಪುರ ಬರದ ಜಿಲ್ಲೆ. ಪಶ್ಚಿಮ ಸಮುದ್ರದಿಂದ ಹೊರಟ ಮುಂಗಾರಿನ ಗಾಳಿ ತನ್ನ ನೀರನ್ನೆಲ್ಲ ಸಹ್ಯಾದ್ರಿಯ ಇಳಿಜಾರಿನಲ್ಲಿ ಸುರಿದು, ಬರಿಗೈಯಲ್ಲಿ ನಮ್ಮ ಬಯಲಿಗೆ ಬರುತ್ತದೆ. ವರ್ಷಕ್ಕೆ ಸರಾಸರಿ ಸುಮಾರು 600 ಮಿಲಿಮೀಟರು ಮಳೆಯೇ ಇಲ್ಲಿ ದೊಡ್ಡದು. ಡೋಣಿಯ ದಂಡೆಯ ಎರೆ ಭೂಮಿ ಬೆಳೆದರೆ ಉಣ್ಣುವವರು ಯಾರು, ಬೆಳೆಯದಿದ್ದರೆ ಉಣ್ಣುವುದೇನು ಎಂದು ಹಿರಿಯರು ಆಡಿದ್ದು ಈ ನೆಲದ ಚಂಚಲ ಸ್ವಭಾವವನ್ನು ಕಂಡೇ. ಮಳೆಯನ್ನು ಕೊಡದ ಆ ಗಾಳಿಯೇ ಈಗ ವಿದ್ಯುತ್ತನ್ನು ಕೊಡುತ್ತಿದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಶಕ್ತಿ ಎಂಟು ಮಡಿಯಾಗುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಆದುದರಿಂದಲೇ ಗಿಡಮರಗಳ ತಡೆಯಿಲ್ಲದ ಈ ಬಯಲಿಗೂ, ನೆಲದಿಂದ ನೂರು ಮೀಟರು ಮೇಲಿನ ಗಾಳಿಗೂ ಇಷ್ಟು ಬೆಲೆ. ನಮ್ಮ ದೇಶದಲ್ಲಿ ಸ್ಥಾಪಿತವಾದ ಗಾಳಿ ವಿದ್ಯುತ್ತಿನ ಸಾಮರ್ಥ್ಯ 2025ರಲ್ಲಿ 50 ಸಾವಿರ ಮೆಗಾವಾಟನ್ನು ದಾಟಿತು. ಅದರಲ್ಲಿ ಕರ್ನಾಟಕದ ಪಾಲು 7 ಸಾವಿರಕ್ಕೂ ಹೆಚ್ಚು.

ಇನ್ನು ಉಪಕಾರದ ಲೆಕ್ಕ. ಎರಡೂವರೆ ಮೆಗಾವಾಟಿನ ಒಂದು ಗಾಳಿಯಂತ್ರ ತನ್ನ ಪೂರ್ಣ ಶಕ್ತಿಯ ನೂರಕ್ಕೆ ಮೂವತ್ತರಷ್ಟು ದುಡಿದರೆ ವರ್ಷಕ್ಕೆ ಸುಮಾರು 65 ಲಕ್ಷ ಯೂನಿಟ್ಟು ವಿದ್ಯುತ್ತು ಬರುತ್ತದೆ. ತಿಂಗಳಿಗೆ ನೂರು ಯೂನಿಟ್ಟು ಬಳಸುವ ಐದು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಅದು ಸಾಕು. ಅಷ್ಟೇ ವಿದ್ಯುತ್ತನ್ನು ಕಲ್ಲಿದ್ದಲಿನಿಂದ ಪಡೆಯಬೇಕಾದರೆ ಒಂದೊಂದು ಯೂನಿಟ್ಟಿಗೂ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲನ್ನು ಸುಡಬೇಕು. ಸುಟ್ಟ ಇಂಗಾಲ ಗಾಳಿಯೊಳಗಿನ ಆಮ್ಲಜನಕವನ್ನು ಕೂಡಿಕೊಳ್ಳುವುದರಿಂದ, ಹೊರಗೆ ಬೀಳುವ ಇಂಗಾಲಾಮ್ಲ ವಾಯು ಸುಟ್ಟ ಕಲ್ಲಿದ್ದಲಿಗಿಂತಲೂ ಹೆಚ್ಚು ತೂಗುತ್ತದೆ. ಯೂನಿಟ್ಟಿಗೆ ಒಂದು ಕಿಲೋದ ಸಮೀಪ. ಹೀಗೆ ಒಂದು ಯಂತ್ರದಿಂದ ವರ್ಷಕ್ಕೆ ಸುಮಾರು 6,000 ಟನ್ನು ಇಂಗಾಲಾಮ್ಲ ಆಕಾಶ ಸೇರುವುದು ತಪ್ಪುತ್ತದೆ. ಯಂತ್ರವನ್ನು ಮಾಡುವುದಕ್ಕೂ ಉಕ್ಕು, ಸಿಮೆಂಟು, ಸಾಗಣೆ ಬೇಕಲ್ಲವೆ ಎಂದು ಕೇಳಬಹುದು. ಬೇಕು. ಅದನ್ನೂ ಸೇರಿಸಿಯೇ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಮಂಡಳಿ 2014ರ ವರದಿಯಲ್ಲಿ ಲೆಕ್ಕ ಕೊಟ್ಟಿತು: ಯಂತ್ರದ ಹುಟ್ಟಿನಿಂದ ಕೊನೆಯವರೆಗಿನ ಎಲ್ಲವನ್ನೂ ಹಿಡಿದರೆ, ಗಾಳಿಯ ಒಂದು ಯೂನಿಟ್ಟಿಗೆ ಸುಮಾರು 11 ಗ್ರಾಮು, ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಸುಮಾರು 820 ಗ್ರಾಮು. ಇಷ್ಟು ಅಂತರವಿರುವಾಗ ಯಾವುದು ಮೇಲು ಎಂಬ ಚರ್ಚೆಗೆ ಅವಕಾಶವಿಲ್ಲ.

ಆದರೆ ‘ತಪ್ಪುತ್ತದೆ’ ಎಂದೆನಲ್ಲ, ಆ ಮಾತಿನಲ್ಲಿಯೇ ತೊಡಕಿರುವುದು. ಗಾಳಿಯಂತ್ರ ಆಕಾಶದಿಂದ ಒಂದು ಗ್ರಾಮಿನಷ್ಟು ಇಂಗಾಲವನ್ನೂ ತೆಗೆಯುವುದಿಲ್ಲ. ಅದು ತಿರುಗುವಾಗ ಇನ್ನೆಲ್ಲಿಯೋ ಕಲ್ಲಿದ್ದಲಿನ ಉರಿ ತಗ್ಗಬೇಕು. ತಗ್ಗಿದರೆ ಮಾತ್ರ ಉಪಕಾರ. ಆ ಇನ್ನೆಲ್ಲಿಯೋ ಎಂಬುದನ್ನು ಹುಡುಕಿಕೊಂಡು ನಾವು ಬಿಹಾರಕ್ಕೋ ಜಾರ್ಖಂಡಕ್ಕೋ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಕೂಡಗಿಯಲ್ಲಿಯೇ 2,400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ. ಎಂಟುನೂರು ಮೆಗಾವಾಟಿನ ಮೂರು ಘಟಕಗಳು 2017 ಮತ್ತು 2018ರಲ್ಲಿ ಒಂದಾದ ಮೇಲೊಂದು ಕೆಲಸ ಆರಂಭಿಸಿದವು. ಕಲ್ಲಿದ್ದಲು ದೂರದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ನೀರು ಕೃಷ್ಣೆಯದು, ಆಲಮಟ್ಟಿಯದು. ಅದು ತನ್ನ ಸಾಮರ್ಥ್ಯದ ನೂರಕ್ಕೆ ಎಪ್ಪತ್ತರಷ್ಟು ನಡೆಯಿತೆನ್ನಿ. ಅಷ್ಟು ವಿದ್ಯುತ್ತನ್ನು ಗಾಳಿಯಿಂದ ಪಡೆಯಲು ಮೇಲೆ ಹೇಳಿದಂಥ ಯಂತ್ರಗಳು ಸುಮಾರು 2,240 ಬೇಕಾಗುತ್ತವೆ. ಅಷ್ಟಿದ್ದರೂ ಗಾಳಿ ಬೀಸದ ಸಂಜೆ ಅವುಗಳಿಂದ ದೀಪ ಹತ್ತದು. ನಮ್ಮಲ್ಲಿ ಗಾಳಿಯ ಸುಗ್ಗಿ ಮುಂಗಾರಿನ ತಿಂಗಳುಗಳಲ್ಲಿ. ಉಳಿದ ಕಾಲದಲ್ಲಿ ಅದು ಬಂದಷ್ಟು ಬಂತು.

ಹೀಗಾಗಿ ತಿಕೋಟಾ ಬಬಲೇಶ್ವರಗಳ ರೆಕ್ಕೆಗಳ ಪುಣ್ಯ ಕೂಡಗಿಯ ಚಿಮಣಿಯ ಸಂಯಮದ ಮೇಲೆ ನಿಂತಿದೆ. ಗಾಳಿಯಿಂದ ಬಂದ ವಿದ್ಯುತ್ತು ಕಲ್ಲಿದ್ದಲಿನ ವಿದ್ಯುತ್ತಿನ ಜಾಗಕ್ಕೆ ಬಂದರೆ ಲೋಕಕ್ಕೆ ಲಾಭ. ಅದರ ಪಕ್ಕದಲ್ಲಿ ಇನ್ನೊಂದಾಗಿ ಕುಳಿತು, ಎರಡನ್ನೂ ನಾವು ಬಳಸಿ ಮುಗಿಸಿದರೆ, ಯಂತ್ರಗಳೆಷ್ಟು ತಿರುಗಿದರೂ ಆಕಾಶದ ಲೆಕ್ಕ ಹಗುರವಾಗುವುದಿಲ್ಲ. ದೇಶದ ಲೆಕ್ಕದಲ್ಲಿಯೂ ಇದೇ ಕಾಣುತ್ತದೆ. ನಮ್ಮ ಸ್ಥಾಪಿತ ಸಾಮರ್ಥ್ಯದ ಅರ್ಧ ಈಗ ಕಲ್ಲಿದ್ದಲು, ಅನಿಲ, ತೈಲಗಳಲ್ಲದ ಮೂಲಗಳದು ಎಂದು 2025ರಲ್ಲಿ ಸರಕಾರ ಹೇಳಿತು. ಹೆಮ್ಮೆಪಡತಕ್ಕ ಸಂಗತಿಯೇ ಸರಿ. ಆದರೆ 2024-25ರಲ್ಲಿ ನಿಜವಾಗಿ ಉತ್ಪತ್ತಿಯಾದ ವಿದ್ಯುತ್ತಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಕಲ್ಲಿದ್ದಲಿನದೇ. ಸಾಮರ್ಥ್ಯಕ್ಕೂ ಉತ್ಪತ್ತಿಗೂ ಇರುವ ಈ ವ್ಯತ್ಯಾಸ ಸಂಕಲ್ಪಕ್ಕೂ ಆಚರಣೆಗೂ ಇರುವ ವ್ಯತ್ಯಾಸದಂಥದು.

ಇಲ್ಲಿ ಒಂದು ನೀತಿಯ ಪ್ರಶ್ನೆ ಏಳುತ್ತದೆ. ಮಾಡಬಹುದಾಗಿದ್ದ ಪಾಪವನ್ನು ಮಾಡದಿರುವುದು ಪುಣ್ಯವೆ? ನೆರೆಯವನ ಮನೆಗೆ ಕನ್ನ ಹಾಕದೆ ರಾತ್ರಿಯೆಲ್ಲ ಮಲಗಿದ್ದವನನ್ನು ನಾವು ಬೆಳಿಗ್ಗೆ ಹಾರ ಹಾಕಿ ಸನ್ಮಾನಿಸುವುದಿಲ್ಲ. ಆದರೆ ಬಹುಕಾಲದಿಂದ ಕನ್ನ ಹಾಕುತ್ತಿದ್ದವನು ಒಂದು ರಾತ್ರಿ ಬಿಟ್ಟನೆಂದರೆ ನಾವು ಸಂತೋಷಪಡುತ್ತೇವೆ. ಹಾರ ತರುವುದಿಲ್ಲ, ಸಂತೋಷಪಡುತ್ತೇವೆ, ಅಷ್ಟೆ. ನಮ್ಮ ಕಾಲದ ಸ್ಥಿತಿ ಈ ಎರಡನೆಯವನದು. ಯಂತ್ರಯುಗದ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲಾಮ್ಲ ಸುಮಾರು 280 ಭಾಗವಿತ್ತು. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಅಳೆಯಲು ತೊಡಗಿದಾಗ ಅದು 315ರ ಸಮೀಪಕ್ಕೆ ಬಂದಿತ್ತು. ಈಗ 420ನ್ನು ದಾಟಿದೆ. ಒಮ್ಮೆ ಮೇಲೇರಿದ ಇಂಗಾಲಾಮ್ಲದ ಒಂದು ಭಾಗ ಸಾವಿರಾರು ವರ್ಷ ಅಲ್ಲಿಯೇ ಉಳಿಯುತ್ತದೆ. ನಮ್ಮ ತಾತಂದಿರ ಕಾಲದ ಹೊಗೆ ಇನ್ನೂ ನಮ್ಮ ತಲೆಯ ಮೇಲಿದೆ; ನಮ್ಮದು ಮೊಮ್ಮಕ್ಕಳ ತಲೆಯ ಮೇಲೆ ಇರುವುದು.

ಆದುದರಿಂದ ಗಾಳಿಯಂತ್ರದ ವಿಷಯದಲ್ಲಿ ಪುಣ್ಯ ಎಂಬ ಶಬ್ದವೇ ಸರಿಯಾದುದಲ್ಲವೆಂದು ನನಗೆ ತೋರುತ್ತದೆ. ಸರಿಯಾದ ಶಬ್ದ ಋಣ. ಈ ಯಂತ್ರಗಳು ನಾವು ಲೋಕಕ್ಕೆ ಮಾಡುತ್ತಿರುವ ದಾನವಲ್ಲ. ತೀರಿಸಬೇಕಾದ ಸಾಲದ ಕಂತು. ಈ ಎರಡಕ್ಕೂ ನಡುವೆ ಇರುವ ಭೇದ ದೊಡ್ಡದು. ದಾನ ಮಾಡುವವನು ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ತಾನೇ ಗೊತ್ತುಮಾಡುತ್ತಾನೆ, ಪಡೆಯುವವನು ಕೈಮುಗಿಯಬೇಕು. ಸಾಲ ತೀರಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಆತ ಹೊತ್ತಿಗೆ ಸರಿಯಾಗಿ ಕೊಡಬೇಕು, ಲೆಕ್ಕಕ್ಕೆ ಸರಿಯಾಗಿ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರ ಸಾಲ ತೀರಿಸಲು ಇನ್ನೊಬ್ಬರ ಮನೆಯ ಪಾತ್ರೆಯನ್ನು ಅಡವಿಡಬಾರದು.

ಹಾಗಾದರೆ ಸಾಲ ಯಾರದು? ಇಲ್ಲಿ ನಮ್ಮ ಜನ ಎತ್ತುವ ಆಕ್ಷೇಪಣೆ ಬಲವಾದುದು. ಭಾರತೀಯನೊಬ್ಬನ ತಲೆಗೆ ವರ್ಷಕ್ಕೆ ಬೀಳುವ ಇಂಗಾಲಾಮ್ಲ ಸುಮಾರು 2 ಟನ್ನು. ಲೋಕದ ಸರಾಸರಿ ಅದರ ಇಮ್ಮಡಿಗೂ ಮೇಲೆ. ಅಮೆರಿಕದವನದು ಸುಮಾರು 14 ಟನ್ನು. ಎರಡು ಶತಮಾನ ಕಲ್ಲಿದ್ದಲು ಸುಟ್ಟು ಸಂಪತ್ತು ಕೂಡಿಹಾಕಿದವರು ಅವರು. ಈಗ ನಾವು ಸಾಲ ತೀರಿಸಬೇಕೆ? ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಸಾಲದ ಬಹುಪಾಲು ಅವರದೇ. ಅವರು ತಮ್ಮ ಪಾಲನ್ನು ತೀರಿಸಬೇಕೆಂದು ಕೇಳುವ ಹಕ್ಕು ನಮಗಿದೆ, ಕೇಳಲೂ ಬೇಕು. ಆದರೆ ‘ಭಾರತೀಯನ ಸರಾಸರಿ’ ಎಂಬ ಲೆಕ್ಕದೊಳಗೆ ಇನ್ನೊಂದು ಲೆಕ್ಕ ಅಡಗಿದೆ. ಮಳೆಯನ್ನೇ ನಂಬಿದ ಮಡ್ಡಿಯ ಹೊಲದವನ ಬಡತನ ಆ ಸರಾಸರಿಯನ್ನು ಕೆಳಗಿಳಿಸುತ್ತದೆ. ತಂಪುಯಂತ್ರ, ಕಾರು, ವಿಮಾನಗಳ ನಾವು ಅದರ ನೆರಳಿನಲ್ಲಿ ನಿಲ್ಲುತ್ತೇವೆ. ಪರದೇಶದವರ ಮುಂದೆ ಆತನ ಬಡತನವನ್ನು ತೋರಿಸಿ ವಿನಾಯಿತಿ ಕೇಳುವುದು, ಮನೆಗೆ ಬಂದ ಮೇಲೆ ಆ ವಿನಾಯಿತಿಯನ್ನು ನಾವೇ ಅನುಭವಿಸುವುದು, ಇದು ನ್ಯಾಯವೆನ್ನಿಸುವುದಿಲ್ಲ. ಬರ ಹೆಚ್ಚಿದರೆ, ಮಳೆಯ ಕ್ರಮ ತಪ್ಪಿದರೆ, ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಅಕಾಲ ಮಳೆ ಬಿದ್ದರೆ ಮೊದಲು ಪೆಟ್ಟು ತಿನ್ನುವವನು ಸಾಲ ಮಾಡದೆಯೇ ಬಡ್ಡಿ ಕಟ್ಟುತ್ತಿರುವ ಆ ರೈತ.

ಸಾಲವೆಂದು ಒಪ್ಪಿದ ಕೂಡಲೇ ಇನ್ನೊಂದು ವ್ಯವಹಾರದ ಬಣ್ಣವೂ ಬದಲಾಗುತ್ತದೆ. ಗಾಳಿಯ ವಿದ್ಯುತ್ತು ಒಂದು ಸರಕಾದರೆ, ಅದು ತಪ್ಪಿಸಿದ ಇಂಗಾಲದ ಲೆಕ್ಕ ಬೇರೆಯೇ ಒಂದು ಸರಕಾಗಿ ಮಾರಾಟವಾಗುತ್ತದೆ. 1997ರ ಕ್ಯೋಟೋ ಒಪ್ಪಂದದ ಅಡಿಯಲ್ಲಿ ನಮ್ಮ ರಾಜ್ಯದ ಹಲವು ಗಾಳಿ ಯೋಜನೆಗಳೂ ಇಂಥ ಪತ್ರಗಳಿಗಾಗಿ ನೋಂದಣಿಯಾದವು. ಶ್ರೀಮಂತ ದೇಶಗಳು ಆ ಪತ್ರಗಳನ್ನು ಕೊಂಡು ತಮ್ಮ ಹೊಗೆಯ ಲೆಕ್ಕಕ್ಕೆ ಹೊಂದಿಸಿಕೊಳ್ಳಬಹುದಾಗಿತ್ತು. ನಮ್ಮ ದೇಶದೊಳಗೂ 2010ರಿಂದ ನವೀಕರಿಸಬಹುದಾದ ವಿದ್ಯುತ್ತಿನ ಪ್ರಮಾಣಪತ್ರಗಳ ವ್ಯಾಪಾರವಿದೆ. ಇಂಗಾಲದ ಪತ್ರಗಳ ವ್ಯಾಪಾರಕ್ಕೆಂದು 2023ರಲ್ಲಿ ಕೇಂದ್ರ ಸರಕಾರ ಒಂದು ಯೋಜನೆಯನ್ನು ಪ್ರಕಟಿಸಿತು. ಈ ವ್ಯಾಪಾರದಲ್ಲಿ ಹುರುಳಿಲ್ಲವೆನ್ನಲಾರೆ. ಎಲ್ಲಿ ಕಡಿಮೆ ಖರ್ಚಿನಲ್ಲಿ ಹೊಗೆ ತಗ್ಗೀತೋ ಅಲ್ಲಿಗೆ ಹಣ ಹರಿದುಬರುವಂತೆ ಮಾಡುವ ಉಪಾಯವಿದು. ಬಂಡವಾಳ ಸಾಲದ ನಾಡಿಗೆ ಅದರಿಂದ ಯಂತ್ರಗಳು ಬಂದಿವೆ. ಆದರೆ ಉಪಾಯವನ್ನು ಪ್ರಾಯಶ್ಚಿತ್ತವೆಂದು ತಿಳಿಯಬಾರದು. ಏಕಾದಶಿಯ ದಿನ ಆಳನ್ನು ಉಪವಾಸ ಇರಿಸಿ, ಅವನಿಗೆ ಕೂಲಿ ಕೊಟ್ಟು, ತಾನು ಹೊಟ್ಟೆತುಂಬ ಉಂಡು, ‘ನಮ್ಮ ಮನೆಯಲ್ಲಿ ಉಪವಾಸ ನಡೆಯಿತು’ ಎಂದು ಹೇಳಿಕೊಳ್ಳುವ ಯಜಮಾನನನ್ನು ಯಾವ ಶಾಸ್ತ್ರವೂ ಒಪ್ಪಲಾರದು. ಬಬಲೇಶ್ವರದ ಗಾಳಿ ತಪ್ಪಿಸಿದ ಹೊಗೆಯನ್ನು ಪತ್ರದ ಮೂಲಕ ಕೊಂಡು, ತನ್ನ ಚಿಮಣಿಯನ್ನು ಮೊದಲಿನಂತೆಯೇ ನಡೆಸುವವನ ಸ್ಥಿತಿ ಅದಕ್ಕಿಂತ ಬೇರೆಯೆ? ಕಂತನ್ನು ಬೇರೆಯವನ ಕೈಯಿಂದ ಕಟ್ಟಿಸಬಹುದು. ಸಾಲ ಮಾಡುವ ಚಟವನ್ನು ಮಾತ್ರ ಬೇರೆಯವನ ಕೈಯಿಂದ ಬಿಡಿಸಲಾಗದು.

ಇನ್ನು ಯಂತ್ರದ ಬುಡದಲ್ಲಿರುವವರ ಮಾತು. ಲೋಕಹಿತಕ್ಕಾಗಿ ಕೆಲವರು ಕಷ್ಟಪಡಬೇಕಾಗುತ್ತದೆ ಎಂಬ ಮಾತನ್ನು ಕೃಷ್ಣೆಯ ಈ ದಂಡೆಯವರು ಹೊಸದಾಗಿ ಕೇಳಬೇಕಾಗಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟು ಲಕ್ಷಾಂತರ ಎಕರೆಗೆ ನೀರು ಕೊಟ್ಟಿತು. ಆದರೆ ಎಷ್ಟೋ ಹಳ್ಳಿಗಳೂ ಬಾಗಲಕೋಟೆಯ ಹಳೆಯ ಪೇಟೆಯ ಭಾಗವೂ ಅದರ ಹಿನ್ನೀರಿನಲ್ಲಿ ಮುಳುಗಿದವು. ಕೂಡಗಿಯ ಸ್ಥಾವರ ಕಟ್ಟುವಾಗ ಬೂದಿಗೂ ಹೊಗೆಗೂ ಹೆದರಿದ ರೈತರ ಪ್ರತಿಭಟನೆ 2014ರ ಜುಲೈಯಲ್ಲಿ ಗೋಲೀಬಾರಿನವರೆಗೆ ಹೋಯಿತು. ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಗಾಳಿಯಂತ್ರ ಸಾಧುವಾದುದು. ಅದು ಊರನ್ನು ಮುಳುಗಿಸುವುದಿಲ್ಲ, ಬೂದಿ ಉಗುಳುವುದಿಲ್ಲ, ನೀರು ಕುಡಿಯುವುದಿಲ್ಲ. ಕಂಬಕ್ಕೂ ದಾರಿಗೂ ಬೇಕಾದಷ್ಟು ನೆಲ ಹೋದರೂ ಸುತ್ತಲಿನ ಹೊಲದಲ್ಲಿ ಜೋಳ, ಕಡಲೆ, ತೊಗರಿ ಎಂದಿನಂತೆ ಬೆಳೆಯುತ್ತವೆ.

ಹಾಗೆಂದು ತೊಂದರೆಯೇ ಇಲ್ಲವೆನ್ನುವುದು ಸುಳ್ಳಾದೀತು. ದೊಡ್ಡ ಕ್ರೇನುಗಳು ಓಡಾಡಿದ ಎರೆ ನೆಲ ಗಟ್ಟಿಯಾಗುತ್ತದೆ. ಹೊಲದ ನಡುವೆ ಹೊಸ ದಾರಿ ಬಿದ್ದರೆ ಮಳೆನೀರಿನ ಹರಿವು ಬದಲಾಗುತ್ತದೆ. ತೀರ ಸಮೀಪದ ಮನೆಗಳಿಗೆ ರಾತ್ರಿ ರೆಕ್ಕೆಯ ಸದ್ದು, ಬೆಳಗು ಬೈಗಿನಲ್ಲಿ ಗೋಡೆಯ ಮೇಲೆ ಓಡಾಡುವ ರೆಕ್ಕೆಯ ನೆರಳು. ಹಕ್ಕಿಗಳಿಗೆ ರೆಕ್ಕೆಯಿಂದಲೂ ತಂತಿಯಿಂದಲೂ ಅಪಾಯವಿದೆ. ಇವೆಲ್ಲಕ್ಕಿಂತ ಸೂಕ್ಷ್ಮವಾದ ಅನ್ಯಾಯ ಇನ್ನೊಂದಿದೆ. ಕಂಬ ಯಾರ ಹೊಲದಲ್ಲಿ ನಿಲ್ಲುತ್ತದೆಯೋ ಅವನಿಗೆ ಬೆಲೆಯೋ ಬಾಡಿಗೆಯೋ ಸಿಗುತ್ತದೆ. ಪಕ್ಕದ ಹೊಲದವನಿಗೆ ಸದ್ದು ಸಿಗುತ್ತದೆ, ನೆರಳು ಸಿಗುತ್ತದೆ, ಹಣ ಸಿಗುವುದಿಲ್ಲ. ಭೂಮಿಯೇ ಇಲ್ಲದ ಕೂಲಿಯವನಿಗೂ, ಆ ಮಡ್ಡಿಯಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಲೆಕ್ಕದಲ್ಲಿ ಹೆಸರೇ ಇಲ್ಲ. ಗಾಳಿಯೇನು ಕಂಬ ನಿಂತ ಸರ್ವೆ ನಂಬರಿನಲ್ಲಿ ಮಾತ್ರ ಬೀಸುತ್ತದೆಯೆ? ಅದು ಊರಿನ ಮೇಲೆಲ್ಲ ಬೀಸುತ್ತದೆ. ಯಾರ ಸ್ವತ್ತೂ ಅಲ್ಲದ ವಸ್ತುವಿನಿಂದ ಹಣ ಹುಟ್ಟಿದಾಗ ಆ ಹಣದಲ್ಲಿ ಊರಿಗೆಲ್ಲ ಒಂದು ಪಾಲಿದೆ ಎನ್ನುವುದು ಅತಿಯಾಸೆಯಲ್ಲ.

ಇಲ್ಲಿ ಹಳೆಯ ಕಣ ಮತ್ತೆ ನೆನಪಿಗೆ ಬರುತ್ತದೆ. ಬಡಿಗ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರ ಪಾಲು ಕಾಳು ಮನೆಗೆ ಹೋದ ಮೇಲೆ ಲೆಕ್ಕ ಹಾಕಿ ಕೊಡುವಂಥದಾಗಿರಲಿಲ್ಲ. ರಾಶಿಯ ಬುಡದಲ್ಲಿಯೇ, ಎಲ್ಲರ ಕಣ್ಣೆದುರಿಗೆ ಅಳೆದು ಕೊಡುವಂಥದಾಗಿತ್ತು. ಆ ಪದ್ಧತಿಯಲ್ಲಿ ಜಾತಿಯ ಮೇಲುಕೀಳಿನ ಕೊಳೆಯೂ ಇತ್ತು. ಅದು ಹೋದದ್ದೇ ಒಳ್ಳೆಯದಾಯಿತು. ಆದರೆ ಅದರೊಳಗಿನ ಒಂದು ತತ್ತ್ವ ಹೋಗಬೇಕಾಗಿರಲಿಲ್ಲ. ರಾಶಿ ಒಬ್ಬನದಾದರೂ ಅದರ ಹಿಂದಿನ ದುಡಿತ ಹಲವರದು, ಆದುದರಿಂದ ಪಾಲು ಉಪಕಾರವಲ್ಲ, ಹಕ್ಕು ಎಂಬುದು ಆ ತತ್ತ್ವ. ಕಂಪನಿ ವರ್ಷದ ಕೊನೆಗೆ ಶಾಲೆಗೊಂದು ಕೋಣೆ, ಗುಡಿಗೊಂದು ದೀಪ ಕೊಟ್ಟರೆ ಅದು ದಾನ. ಕೊಟ್ಟರೂ ಕೊಟ್ಟಿತು, ಬಿಟ್ಟರೂ ಬಿಟ್ಟಿತು. ಪ್ರತಿ ಯೂನಿಟ್ಟಿನ ಮೇಲೆ ಇಷ್ಟು ಪೈಸೆ ಊರಿನ ಪಂಚಾಯತಿಗೆ ಎಂದು ಕರಾರಿನಲ್ಲಿಯೇ ಬರೆದರೆ ಅದು ಆಯ.

ಇದು ಕನಸಿನ ಮಾತು ಎನ್ನುವವರು ಗಾಳಿ ವಿದ್ಯುತ್ತಿನ ತವರಾದ ಡೆನ್ಮಾರ್ಕಿನ ಕಡೆಗೊಮ್ಮೆ ನೋಡಬಹುದು. 1891ರಲ್ಲಿ ಅಲ್ಲಿ ಗಾಳಿಯಿಂದ ವಿದ್ಯುತ್ತು ತೆಗೆಯುವ ಪ್ರಯೋಗಕ್ಕೆ ಕೈಹಾಕಿದ ಪೌಲ್ ಲಾ ಕೂರ್ ಕೈಗಾರಿಕೋದ್ಯಮಿಯಲ್ಲ; ಆಸ್ಕೋವ್ ಎಂಬ ಹಳ್ಳಿಯ ಜನತಾ ವಿದ್ಯಾಲಯದ ಅಧ್ಯಾಪಕ. ಪೇಟೆಗೆ ಬಂದ ಬೆಳಕು ಹಳ್ಳಿಗೂ ಬರಬೇಕೆಂಬುದು ಆತನ ಆಸೆ. ಆ ದೇಶದಲ್ಲಿ ಮುಂದೆಯೂ ಬಹಳಷ್ಟು ಗಾಳಿಯಂತ್ರಗಳನ್ನು ನೆರೆಹೊರೆಯವರು ಕೂಡಿ ಪಾಲು ಹಾಕಿ ನಿಲ್ಲಿಸಿದರು. ರಾಜಧಾನಿ ಕೋಪನ್‌ಹೇಗನ್ನಿನ ಎದುರು ಸಮುದ್ರದಲ್ಲಿ 2000ದಲ್ಲಿ ನಿಂತ ಇಪ್ಪತ್ತು ಯಂತ್ರಗಳಲ್ಲಿ ಅರ್ಧದ ಒಡೆತನ ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರ ಸಹಕಾರಿ ಸಂಘದ್ದು. ಹೊಸ ಯಂತ್ರ ನಿಲ್ಲಿಸುವವರು ಐದರಲ್ಲೊಂದು ಪಾಲನ್ನು ಸುತ್ತಲಿನ ನಿವಾಸಿಗಳಿಗೆ ಕೊಳ್ಳಲು ನೀಡಬೇಕೆಂಬ ಕಾಯಿದೆಯೂ 2009ರಿಂದ ಸುಮಾರು ಒಂದು ದಶಕ ಅಲ್ಲಿ ನಡೆಯಿತು.

ಡೆನ್ಮಾರ್ಕು ಶ್ರೀಮಂತ ದೇಶ, ಅಲ್ಲಿಯ ಮಾತು ಇಲ್ಲಿಗೆ ಸಲ್ಲದು ಎಂದರೆ, ಗದಗಿನ ಹತ್ತಿರದ ಕಣಗಿನಹಾಳ ನಮ್ಮದೇ ಊರಲ್ಲವೆ? 1904ರ ಸಹಕಾರ ಕಾಯಿದೆ ಬಂದ ಮರುವರ್ಷವೇ ಸಿದ್ದನಗೌಡ ಪಾಟೀಲರು ಅಲ್ಲಿ ದೇಶಕ್ಕೇ ಮೊದಲನೆಯದೆನ್ನಿಸಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ರೈತರು ತಮ್ಮ ತಮ್ಮ ಕಾಸನ್ನು ಕೂಡಿಹಾಕಬಲ್ಲರು ಎಂದು ಆ ಸಣ್ಣ ಊರು ಆಗಲೇ ತೋರಿಸಿಕೊಟ್ಟಿತು. ಕಾಸನ್ನು ಕೂಡಿಹಾಕಿದ ನಾಡು ಗಾಳಿಯನ್ನು ಕೂಡಿ ಅನುಭವಿಸಲಾರದೆಂದು ನಂಬುವುದು ಕಷ್ಟ. ಇಂದಿನ ಯಂತ್ರದ ಬೆಲೆ ಕೋಟಿಗಳಲ್ಲಿದೆ, ಒಂದು ಹಳ್ಳಿಯ ಸಂಘಕ್ಕೆ ಅದು ಎಟುಕದು, ನಿಜ. ಇಡೀ ಯಂತ್ರ ಎಟುಕದಿದ್ದರೆ ಅದರಲ್ಲಿ ಪಾಲು ಎಟುಕಬಹುದು. ಅದಕ್ಕೆ ಬೇಕಾದುದು ಕಾಯಿದೆಯ ಒತ್ತಾಸೆ ಮತ್ತು ಕೇಳುವ ಧೈರ್ಯ.

ಕೊನೆಗೆ ನಮ್ಮ ಮಾತು, ಎಂದರೆ ಪೇಟೆಯಲ್ಲಿ ಕುಳಿತು ಈ ಪತ್ರಿಕೆ ಓದುವವರ ಮಾತು. ಕಂಪನಿಯನ್ನೂ ಸರಕಾರವನ್ನೂ ಪರದೇಶದವರನ್ನೂ ವಿಚಾರಿಸಿಕೊಳ್ಳುವುದು ಸುಲಭ. ಆದರೆ ಕೂಡಗಿಯ ಉರಿಯನ್ನು ಹೆಚ್ಚಿಸುವ ಕೈಗಳಲ್ಲಿ ನಮ್ಮವೂ ಇವೆ. ಬಿಸಿಲು ಮುಳುಗಿದ ಮೇಲೆ ಸೌರ ವಿದ್ಯುತ್ತು ನಿಲ್ಲುತ್ತದೆ. ಗಾಳಿಯೂ ಇಲ್ಲದ ಬೇಸಿಗೆಯ ಸಂಜೆ ಎಲ್ಲ ಮನೆಗಳ ತಂಪುಯಂತ್ರ, ನೀರಿನ ಪಂಪು, ಒಲೆಗಳು ಒಮ್ಮೆಗೇ ಬಾಯಿ ತೆರೆಯುತ್ತವೆ. ಆ ಹೊತ್ತಿನ ಬೇಡಿಕೆಯ ದೊಡ್ಡ ಪಾಲನ್ನು ತುಂಬುವುದು ಕಲ್ಲಿದ್ದಲು. 2023ರಿಂದ ನಮ್ಮ ರಾಜ್ಯದಲ್ಲಿ ತಿಂಗಳಿಗೆ 200 ಯೂನಿಟ್ಟಿನವರೆಗೆ ಬಳಸುವ ಮನೆಗಳಿಗೆ ಗೃಹಜ್ಯೋತಿಯ ನೆರವಿದೆ. ಬಡವರ ಮನೆಗೆ ಅದು ದೊಡ್ಡ ಆಸರೆ, ಅದನ್ನು ಆಡಿಕೊಳ್ಳುವವನು ನಾನಲ್ಲ. ಆದರೆ ಬಿಲ್ಲಿನಲ್ಲಿ ಸೊನ್ನೆ ಬಂದ ಮಾತ್ರಕ್ಕೆ ಆಕಾಶದ ಖಾತೆಯಲ್ಲಿ ಸೊನ್ನೆ ಬರುವುದಿಲ್ಲವೆಂಬುದನ್ನು ಉಳ್ಳವರಾದರೂ ನೆನಪಿಡಬೇಕು.

ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, 2023ರ ಜನವರಿ 2ರಂದು ವಿಜಯಪುರದಲ್ಲಿ ದೇಹಬಿಟ್ಟ ಸಿದ್ಧೇಶ್ವರ ಸ್ವಾಮಿಗಳು ಜೇಬಿಲ್ಲದ ಅಂಗಿ ತೊಡುತ್ತಿದ್ದರು. ತಮಗೊಂದು ಸ್ಮಾರಕವೂ ಬೇಡವೆಂದು ಬರೆದಿಟ್ಟು ಹೋದರು. ಅವರ ಅಂತಿಮ ದರ್ಶನಕ್ಕೆ ಲಕ್ಷಗಟ್ಟಲೆ ಜನ ಸೇರಿದರು. ಆ ಜನರೆಲ್ಲ, ನಾವೂ ಸೇರಿ, ಜೇಬುಳ್ಳವರೇ. ನಮ್ಮಿಂದ ಜೇಬನ್ನು ಕತ್ತರಿಸಿಹಾಕುವುದು ಆಗದ ಮಾತು. ಆದರೆ ಎಷ್ಟಾದರೆ ಸಾಕು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಸಂನ್ಯಾಸಿಗಳಿಗೆ ಮಾತ್ರ ಬಿಟ್ಟ ಕೆಲಸವೂ ಅಲ್ಲ. ಆ ಪ್ರಶ್ನೆಗೆ ನಾವು ಯಾವ ಉತ್ತರವನ್ನೂ ಕೊಡದಿದ್ದರೆ, ಎಷ್ಟು ಗಾಳಿಯಂತ್ರ ನಿಲ್ಲಿಸಿದರೂ ಕಲ್ಲಿದ್ದಲಿನ ರೈಲು ಬರುತ್ತಲೇ ಇರುತ್ತದೆ.

ಗಾಳಿಯ ಪುಣ್ಯ ಯಾರದು ಎಂದು ಕೇಳಿದೆವು. ಯಾರದೂ ಅಲ್ಲ ಎಂಬುದು ನನ್ನ ಉತ್ತರ. ಗಾಳಿ ತನ್ನಷ್ಟಕ್ಕೆ ಬೀಸುತ್ತದೆ, ಅದಕ್ಕೆ ಪುಣ್ಯದ ಹಂಬಲವಿಲ್ಲ. ನಮ್ಮ ಪಾಲಿಗೆ ಇರುವುದು ಸಾಲ ಮಾತ್ರ. ಯಂತ್ರಗಳು ಇನ್ನೂ ಬರಲಿ, ಬರಲೇಬೇಕು. ಬಂದಾಗ ಕೂಡಗಿಯಂಥ ಒಲೆಗಳ ಉರಿ ಎಷ್ಟು ತಗ್ಗಿತು ಎಂದು ವರ್ಷ ವರ್ಷವೂ ಕೇಳೋಣ. ಕಂಬದ ಬುಡದ ಊರಿಗೆ ಎಷ್ಟು ಅಳೆದು ಕೊಟ್ಟರು ಎಂದೂ ಕೇಳೋಣ. ಈ ಎರಡು ಪ್ರಶ್ನೆಗಳಿಗೆ ಸಮಾಧಾನದ ಉತ್ತರ ಬಂದ ವರ್ಷ, ನಮ್ಮ ಸಾಲದ ಒಂದು ಕಂತು ಮರ್ಯಾದೆಯಿಂದ ಸಂದಿತು ಎಂದು ತಿಳಿಯಬಹುದು.